ಸೋದರ ಮಾವನ ಸೀನು

ಗುರುವಾಯನಕೆರೆಯಲ್ಲಿ ನನ್ನ ಅಂಗಡಿ ಹುಡುಕಿಕೊಂಡು ಬರುವವರಿಗೆ ಬೋರ್ಡು ಬೇಕಾಗಿಲ್ಲ, ನನ್ನ ಸೀನೇ ಸಾಕು. ಶಾಮಿಯಾನ, ಕುರ್ಚಿ, ಅಡುಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಸಂಕಪ್ಪ ನಾನು. ಗೋಡೌನಿನಲ್ಲಿ ಒಂದು ಶಾಮಿಯಾನದ ಮಡಿಕೆ ಬಿಚ್ಚಿದರೆ ಮುಗಿಯಿತು, ಧೂಳು ಮೂಗಿಗೆ ಹೋಗಿ ಒಂದರ ಹಿಂದೆ ಒಂದು ಸೀನು ಹೊರಡುತ್ತದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಅಂಗುಳಿನಲ್ಲಿ ತುರಿಕೆ. ಎದುರಿನ ಬೇಕರಿಯವನು ತನ್ನ ಗಿರಾಕಿಗಳಿಗೆ ಸಂಕಪ್ಪಣ್ಣ ಬಾಗಿಲು ತೆಗೆದರು ಎಂದು ಹೇಳಿ ನಗುತ್ತಾನಂತೆ. ನಗಲಿ. ಅವನ ಬನ್ನಿನ ಬಗ್ಗೆ ನಾನು ಬಾಯಿ ಬಿಟ್ಟರೆ ಅವನು ಅಂಗಡಿ ಮುಚ್ಚಬೇಕಾದೀತು.

ಸೀನಿನ ಬಗ್ಗೆ ನನಗೆ ಮೊದಲು ನಾಚಿಕೆ ಇರಲಿಲ್ಲ. ಧೂಳಿನ ಕೆಲಸ ಮಾಡುವವನು ಸೀನದೆ ಇನ್ನೇನು ಮಾಡಬೇಕು? ನಾಚಿಕೆ ಶುರುವಾದದ್ದು ದೀಕ್ಷಿತಾಳಿಗೆ ಗಂಡು ನೋಡಲು ಹೊರಟ ಮೇಲೆ.

ದೀಕ್ಷಿತಾ ನನ್ನ ತಂಗಿ ಶಶಿಪ್ರಭಾಳ ಮಗಳು, ಬಂಟ್ವಾಳದಲ್ಲಿ ಬ್ಯಾಂಕಿನ ಕೆಲಸ. ನಾನು ಊರಿನವರ ಮದುವೆಗೆಲ್ಲ ಚಪ್ಪರ ಹಾಕಿದೆ, ನನ್ನದಕ್ಕೆ ಹಾಕಲಿಲ್ಲ. ಹಾಗಾಗಿ ಮಗಳು ಎಂದರೆ ಅವಳೇ. ನಮ್ಮದು ಅಳಿಯಕಟ್ಟಿನ ಕುಟುಂಬ. ಹುಡುಗಿಗೆ ಅಪ್ಪ ಗಟ್ಟಿಮುಟ್ಟಾಗಿ ಇದ್ದರೂ ಮದುವೆಯ ಮಾತು ಕೊಡುವುದು ತಾಯಿಯ ಅಣ್ಣ. ಮದುವೆಯ ದಿನ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗುವವನೂ ಅವನೇ. ಭಾವ ಕುವೈತಿನಲ್ಲಿದ್ದಾನೆ, ಸಂಕಪ್ಪಣ್ಣನಿಗೆ ಒಪ್ಪಿಗೆಯಾದರೆ ನನಗೂ ಒಪ್ಪಿಗೆ ಎಂದು ಸುಮ್ಮನಾಗುವ ಮನುಷ್ಯ. ದೀಕ್ಷಿತಾ ಹುಟ್ಟಿದ ದಿನದಿಂದ ಆ ಕೈ ಹಿಡಿಯುವ ದಿನವನ್ನು ನಾನು ನನ್ನದೆಂದು ಇಟ್ಟುಕೊಂಡಿದ್ದೆ.

ಮೊದಲ ಸಂಬಂಧ ಮಾಣಿ ಎಂಬ ಊರಿನ ಕಡೆಯದ್ದು. ಎಲ್ಲ ಕೂಡಿಬಂದು, ನಮಗೆ ಒಪ್ಪಿಗೆ ಉಂಟು ಎಂದು ಹೇಳಲು ನಾನು ಬಾಯಿ ತೆರೆದೆ. ಸೀನು ಬಂತು. ಸಾಲಾಗಿ ಬಂದಿದ್ದರೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಇವರಿಗೆ ಶೀತ ಎಂದು ಬಿಡುತ್ತಿದ್ದರು. ಜನ್ಮದಲ್ಲಿ ಒಂದೇ ಸೀನಿಗೆ ನಿಲ್ಲದ ನನ್ನ ಮೂಗು ಆ ದಿನ ಒಂದೇ ಸೀನು ಸೀನಿ ಸುಮ್ಮನಾಯಿತು. ಮಾತು ಕೊಡುವ ಹೊತ್ತಿನಲ್ಲಿ ಒಂಟಿ ಸೀನು. ಹುಡುಗನ ದೊಡ್ಡಮ್ಮ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ಇವತ್ತು ಬೇಡ, ಇನ್ನೊಮ್ಮೆ ಕೂರುವ ಎಂದು ಎದ್ದರು. ಆ ಇನ್ನೊಮ್ಮೆ ಬರಲೇ ಇಲ್ಲ.

ಸೀನಿಗೆ ಹೆದರಿ ಓಡುವ ಮನೆ ತನಗೂ ಬೇಡ ಎಂದು ದೀಕ್ಷಿತಾ ನಕ್ಕಳು. ಆದರೆ ಶಶಿಪ್ರಭಾ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ಆ ದಿನ ಊಟ ಮಾಡದೆ ಗುರುವಾಯನಕೆರೆಗೆ ಬಂದೆ. ನನ್ನ ಮೂಗನ್ನು ನಾನೇ ಕಿತ್ತು ಬಿಸಾಡುವಷ್ಟು ಸಿಟ್ಟು ಬಂದಿತ್ತು.

ಮುಂದಿನ ವಾರ ದೀಕ್ಷಿತಾ ನನ್ನನ್ನು ಬೆಳ್ತಂಗಡಿಯ ಮೂಗಿನ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಳು. ಮೆಡಿಕಲಿನಲ್ಲಿ ಕೇಳಿ ತೆಗೆದುಕೊಳ್ಳುವ ಸಣ್ಣ ಬಿಳಿ ಮಾತ್ರೆಯೊಂದೇ ಅಲ್ಲಿಯ ತನಕ ನನ್ನ ಮದ್ದು. ನುಂಗಿದರೆ ಒಂದು ಗಂಟೆಯಲ್ಲಿ ಸೀನು ನಿಲ್ಲುತ್ತದೆ, ಜೊತೆಗೆ ನಾನೂ ನಿಲ್ಲುತ್ತೇನೆ, ಕಣ್ಣು ಎಳೆಯುತ್ತದೆ. ಡಾಕ್ಟರು ಅದನ್ನು ಬೈಯಲಿಲ್ಲ. ಮಾತ್ರೆ ತುರಿಕೆಗೂ ಸೀನಿಗೂ ಬೇಗ ಕೆಲಸ ಮಾಡುತ್ತದೆ, ಆದರೆ ನಿಮ್ಮ ಹಳೆಯ ಮಾತ್ರೆಗೆ ನಿದ್ದೆ ಜಾಸ್ತಿ, ಮೂಗು ಕಟ್ಟುವುದಕ್ಕೆ ಅದರಿಂದ ಪ್ರಯೋಜನ ಕಡಿಮೆ ಎಂದರು. ವರ್ಷವಿಡೀ ಕಾಡುವ ಇಂಥ ಮೂಗಿಗೆ ಸ್ಪ್ರೇಯೇ ಮೇಲು. ಅದು ಮೂಗಿನ ಒಳಗಿನ ಊತವನ್ನೇ ಇಳಿಸುತ್ತದೆ. ಆದರೆ ಸೀನು ಬಂದಾಗ ಹೊಡೆದುಕೊಳ್ಳುವ ಮದ್ದಲ್ಲ, ಸೀನು ಇರಲಿ ಬಿಡಲಿ ದಿನಾ ಹೊಡೆಯಬೇಕು, ಪೂರ್ತಿ ಗುಣ ಕಾಣಲು ಕೆಲವು ವಾರವೇ ಬೇಕಾದೀತು. ತಲೆ ಸ್ವಲ್ಪ ಬಗ್ಗಿಸಿ, ತುದಿಯನ್ನು ಮೂಗಿನ ನಡುಗೋಡೆಗೆ ಅಲ್ಲ, ಕಿವಿಯ ಕಡೆಗೆ ತಿರುಗಿಸಿ ಎಂದು ಕಲಿಸಿಯೂ ಕೊಟ್ಟರು. ಅಭ್ಯಾಸವಾಗಿ ಬಿಡುವುದಿಲ್ಲವೇ ಎಂದು ಕೇಳಿದೆ. ಅಭ್ಯಾಸವಾಗುವುದು ಕಟ್ಟಿದ ಮೂಗನ್ನು ಕೂಡಲೇ ಬಿಡಿಸುವ ಬೇರೆ ಜಾತಿಯ ಡ್ರಾಪ್ಸು, ಅದಕ್ಕೆ ಬಿದ್ದವರಿಗೆ ತೊಂದರೆ, ಇದು ಹಾಗಲ್ಲ ಎಂದರು.

ಇಷ್ಟೆಲ್ಲ ಕೇಳಿ ತಲೆ ಆಡಿಸಿ ಬಂದವನು ನಾನು ಏನು ಮಾಡಿದೆ? ಎರಡು ದಿನ ಹೊಡೆದೆ. ಎರಡೂ ದಿನ ಸೀನಿದೆ. ಹೊಡೆದ ಕೂಡಲೇ ನಿಲ್ಲದ್ದು ಯಾವ ಸೀಮೆಯ ಮದ್ದು ಎಂದು ಮೇಜಿನ ಖಾನೆಗೆ ಎಸೆದೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ತಲೆ ನರೆತ ಗಂಡಸು ಕೆಲಸದವರ ಎದುರು ಮೂಗಿಗೆ ಪಿಚಕಾರಿ ಇಟ್ಟುಕೊಂಡು ನಿಲ್ಲುವುದೆಂದರೆ ನನಗೆ ಹೇಗೋ ಆಗುತ್ತಿತ್ತು. ಲೋಟ ನೀರಿನ ಜೊತೆ ಮಾತ್ರೆ ನುಂಗಿದರೆ ಅದರಲ್ಲಿ ಒಂದು ಗೌರವ ಉಂಟು. ದೀಕ್ಷಿತಾ ಫೋನಿನಲ್ಲಿ ದಿನಾ ಹೊಡೀತೀರಾ ಮಾಮ ಎಂದು ಕೇಳಿದಾಗಲೆಲ್ಲ ಹೊಡೀತೇನೆ ಎಂದೆ.

ಆಮೇಲೆ ಮೂಡುಬಿದಿರೆಯ ಸಂಬಂಧ ಬಂತು. ಹುಡುಗ ಶೋಧನ್, ಒಳ್ಳೆಯವನು, ದೀಕ್ಷಿತಾಳೇ ಮೆಚ್ಚಿದವನು. ಅವನ ಮನೆಯಲ್ಲಿ ಮಾತು ನಡೆಯುವುದು ಅಜ್ಜನ ತಮ್ಮ ಧರ್ಣಪ್ಪ ಎಂಬ ಹಿರಿಯರದ್ದು. ಶಿಸ್ತಿನ ಮನುಷ್ಯ, ಕುಡಿಯುವವರನ್ನು ಅಂಗಳಕ್ಕೂ ಸೇರಿಸದವರು, ಶಕುನ ನೋಡದೆ ಚಪ್ಪಲಿ ಮೆಟ್ಟದವರು. ಶಕುನದ ವಿಷಯ ಕೇಳಿದ ಕೂಡಲೇ ಮೆಡಿಕಲಿಗೆ ಹೋಗಿ ಬಿಳಿ ಮಾತ್ರೆಯ ಹೊಸ ಪಟ್ಟಿ ತಂದಿಟ್ಟೆ.

ನಿಶ್ಚಿತಾರ್ಥ ಬೆಳ್ತಂಗಡಿಯಲ್ಲಿ, ತಂಗಿಯ ಮನೆಯ ಅಂಗಳದಲ್ಲಿ. ಶಾಮಿಯಾನ ನನ್ನದೇ, ಅದರ ಧೂಳೂ ನನ್ನದೇ. ಬೆಳಿಗ್ಗೆ ಚಹಾದ ಜೊತೆ ಒಂದು ಬಿಳಿ ಮಾತ್ರೆ ನುಂಗಿದೆ. ಮೇಲೆ ಕಟ್ಟಿದ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಂಡಾಗ ಮೂಗು ತುರಿಸಿತು. ಹೆದರಿ ಇನ್ನೊಂದು ನುಂಗಿದೆ. ಹುಡುಗನ ಕಡೆಯವರ ಕಾರುಗಳು ಗೇಟಿಗೆ ಬಂದಾಗ ಮತ್ತೂ ಒಂದು. ಮಾಣಿಯವರಿಗೆ ಆದದ್ದು ಇವರಿಗೆ ಆಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಸೀನು ಬರಲಿಲ್ಲ, ಅದನ್ನು ಒಪ್ಪಬೇಕು. ಬಂದದ್ದು ನಿದ್ದೆ. ಜನರ ಗುಜುಗುಜು, ಬಿಸಿಲ ಝಳ, ಮೈಯೆಲ್ಲ ಹತ್ತಿ ತುಂಬಿದ ಹಾಗೆ. ಧರ್ಣಪ್ಪನವರು ವೀಳ್ಯದೆಲೆ ಅಡಿಕೆಯ ಹರಿವಾಣ ಹಿಡಿದು ಎದ್ದು ನಿಂತು, ನಿಮ್ಮ ಮನೆಯ ಹುಡುಗಿಯನ್ನು ನಮ್ಮ ಮನೆಗೆ ಕೊಡುತ್ತೀರಾ ಎಂದು ಸಭೆಯ ಮುಂದೆ ಕೇಳಿದರಂತೆ. ನನಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿದರಂತೆ. ಮೂರನೆಯ ಸಲಕ್ಕೆ ಶಶಿಪ್ರಭಾ ಹಿಂದಿನಿಂದ ನನ್ನ ಹೆಗಲು ಅಲುಗಿಸಿದಳು. ನಾನು ಬಾಯಿ ತೆರೆದು, ಗದ್ದದ ಮೇಲೆ ಜೊಲ್ಲು ಇಳಿಸಿಕೊಂಡು, ಮುಂದಿನ ಸಾಲಿನ ನಟ್ಟನಡುವೆ ಮಲಗಿದ್ದೆ.

ದಡಬಡಿಸಿ ಎದ್ದೆ. ಕಾಲು ನನ್ನ ಮಾತು ಕೇಳಲಿಲ್ಲ. ಒಪ್ಪಿಗೆ ಎಂದು ಹೇಳಲು ಹೋದರೆ ಒಣಗಿದ ನಾಲಗೆ ಅಂಗುಳಿಗೆ ಅಂಟಿಕೊಂಡು ತೊದಲು ಬಂತು. ಹರಿವಾಣಕ್ಕೆ ಕೈ ನೀಡಿದವನು ವಾಲಿ ಅದನ್ನೇ ಹಿಡಿದುಕೊಂಡೆ. ಹರಿವಾಣ ಮಗುಚಿತು, ಅಡಿಕೆಗಳು ಧರ್ಣಪ್ಪನವರ ಪಾದದ ಮೇಲಿಂದ ಉರುಳಿದವು. ಮಕ್ಕಳು ನಕ್ಕರು. ದೊಡ್ಡವರು ನಗಲಿಲ್ಲ. ಹುಡುಗನ ಕಡೆಯ ಯಾರೋ ಒಬ್ಬರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾರೆ" ಎಂದರು.

ಜೀವಮಾನದಲ್ಲಿ ಒಂದು ಹನಿ ಮುಟ್ಟದವನು ನಾನು. ಊರ ಮದುವೆಗಳಲ್ಲಿ ಕುಡಿದು ಬಿದ್ದವರನ್ನು ನನ್ನದೇ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಿ ಬೈದವನು. ಅದನ್ನು ಹೇಳಲು ಬಾಯಿ ತೆರೆದರೆ ಮತ್ತೆ ತೊದಲು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಯಾಕೆ ಹೇಳುತ್ತಾರೆಂದು ಆ ದಿನ ಗೊತ್ತಾಯಿತು.

ಮಾತಾಡಿದ್ದು ದೀಕ್ಷಿತಾ. ಮದುಮಗಳಾಗುವವಳು ಆ ಹೊತ್ತಿಗೆ ತಲೆ ಎತ್ತಬಾರದು. ಅವಳು ಎದ್ದೇ ನಿಂತಳು. "ನನ್ನ ಮಾಮ ಕುಡಿಯುವುದಿಲ್ಲ. ನಿಮ್ಮ ಎದುರು ಸೀನು ಬರಬಾರದೆಂದು ಮಾತ್ರೆ ತಿಂದಿದ್ದಾರೆ, ಅದರ ನಿದ್ದೆ ಇದು" ಎಂದಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು. ಸ್ಪ್ರೇ ದಿನಾ ಹೊಡೆಯುವವನಿಗೆ ಮಾತ್ರೆ ಯಾಕೆ ಬೇಕಾಯಿತು ಎಂದು ಅವಳಿಗೆ ಆ ಕ್ಷಣದಲ್ಲೇ ಅರ್ಥವಾಗಿತ್ತು. ಕುಡುಕ ಅನ್ನಿಸಿಕೊಂಡದ್ದಕ್ಕಿಂತ ಆ ನೋಟಕ್ಕೆ ನನಗೆ ನಾಚಿಕೆಯಾಯಿತು.

ಸಂಬಂಧ ಮುರಿಯಲಿಲ್ಲ. ಶೋಧನ್ ಗಟ್ಟಿ ನಿಂತ. ಧರ್ಣಪ್ಪನವರು ಮಾತ್ರೆಯ ಕತೆಯನ್ನು ನಂಬಿದರೋ ಇಲ್ಲವೋ, ಹುಡುಗಿಯ ಧೈರ್ಯಕ್ಕೆ ಒಪ್ಪಿದರು. ಆದರೆ ಒಂದು ಮಾತು ಹೇಳಿ ಕಳಿಸಿದರು. ಮದುವೆಯ ದಿನ ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಈ ಮಾವ ಬೇಡ, ಇನ್ನೊಬ್ಬರು ಇದ್ದರೆ ಅವರು ಆಗಲಿ, ಅಲ್ಲಿಯೂ ಇಂಥದ್ದೇ ನಡೆದರೆ ತಾವು ಎದ್ದು ಹೋಗುವವರೇ ಎಂದು. ಶಶಿಪ್ರಭಾ ಇದನ್ನು ನನಗೆ ಹೇಳುವಾಗ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. "ಮಸ್ಕತ್ತಿನಿಂದ ಶೇಷಪ್ಪ ಬರ್ತಾನಲ್ಲ ಅಣ್ಣ, ಅವನೂ ಮಾವನೇ ಅಲ್ಲವಾ" ಎಂದಳು. ಶೇಷಪ್ಪ ನಮ್ಮ ಕಿರಿಯ ತಮ್ಮ, ಅಲ್ಲಿ ಹೋಟೆಲಿನಲ್ಲಿ ಇದ್ದಾನೆ. ಆಗಲಿ ಮಾರಾಯ್ತಿ, ಯಾರು ಹಿಡಿದರೂ ಕೈ ಅದೇ ಅಲ್ಲವೇ ಎಂದೆ. ಗಂಡಸಿನ ಹಾಗೆ ಹೇಳಿದೆ, ಗೋಡೌನಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅದರ ಮರುದಿನ ದೀಕ್ಷಿತಾ ಅಂಗಡಿಗೆ ಬಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಖಾನೆ ಎಳೆದು ಸ್ಪ್ರೇ ತೆಗೆದು ಅಲುಗಿಸಿ ನೋಡಿದಳು, ಹೆಚ್ಚುಕಡಿಮೆ ತುಂಬಿಯೇ ಇತ್ತು. ನನ್ನ ಕೈಗೆ ಕೊಟ್ಟು, ಮದುವೆಗೆ ಇನ್ನೂ ಸಮಯ ಉಂಟು, ಇವತ್ತಿಂದ ಹೊಡೆಯಿರಿ ಎಂದಳು. ಕೆಲಸದವರ ಎದುರೇ ತಲೆ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆದೆ. ಯಾರೂ ನಗಲಿಲ್ಲ. ನಗುತ್ತಾರೆಂದು ನಾನು ಇಷ್ಟು ದಿನ ಯಾರಿಗೆ ಹೆದರಿದ್ದೆನೋ ಗೊತ್ತಿಲ್ಲ.

ದಿನಾ ಬೆಳಿಗ್ಗೆ ಹಲ್ಲುಜ್ಜಿದ ಹಾಗೆ ಹೊಡೆಯತೊಡಗಿದೆ. ಮೊದಲು ಸೀನು ಕಡಿಮೆಯಾಯಿತು. ಆಮೇಲೆ ಒಂದು ಬೆಳಿಗ್ಗೆ ಗೋಡೌನಿನ ಬಾಗಿಲು ತೆಗೆದರೆ ಗಪ್ಪೆಂದು ಒಂದು ನಾತ ಮುಖಕ್ಕೆ ಹೊಡೆಯಿತು. ಇಲಿ ಸತ್ತಿರಬೇಕೆಂದು ಹುಡುಕಿದೆ. ಇಲಿಯಲ್ಲ, ನನ್ನ ಶಾಮಿಯಾನ. ಬೂಷ್ಟು, ಹಳೆಯ ಸಾಂಬಾರು, ಮಳೆಗೆ ನೆನೆದು ಒಣಗದ ಬಟ್ಟೆ, ಎಲ್ಲ ಸೇರಿದ ನಾತ. ಎಷ್ಟೋ ವರ್ಷಗಳಿಂದ ಜನರ ಮದುವೆಯ ತಲೆಯ ಮೇಲೆ ನಾನು ಕಟ್ಟಿದ್ದು ಇದನ್ನೇ. ಯಾರೂ ನನಗೆ ಹೇಳಲಿಲ್ಲ, ಬೇಕರಿಯವನು ಕೂಡ. ಎಲ್ಲವನ್ನೂ ಎಳೆದು ಹಾಕಿ ಸೋಪಿನ ನೀರಿನಲ್ಲಿ ಒಗೆಸಿದೆ. ಮೂಗು ತೆರೆದ ಮೇಲೆ ನನಗೆ ಹೊಸ ಹೊಸ ನಾಚಿಕೆಗಳು ಸಿಗತೊಡಗಿದವು.

ಮದುವೆ ಮೂಡುಬಿದಿರೆಯ ಒಂದು ಹಾಲ್‌ನಲ್ಲಿ. ಹೋಗುವುದಿಲ್ಲ ಎಂದುಕೊಂಡಿದ್ದೆ, ದೀಕ್ಷಿತಾ ಬಿಡಲಿಲ್ಲ. ಬಿಳಿ ಪಂಚೆ ಉಟ್ಟು ಹಿಂದಿನ ಸಾಲಿನಲ್ಲಿ ಕುಳಿತೆ. ಮಲ್ಲಿಗೆಯ ಪರಿಮಳ, ತುಪ್ಪದಲ್ಲಿ ಹುರಿಯುವ ಗೇರುಬೀಜ, ಹೊಸ ಸೀರೆಗಳ ಗಂಜಿಯ ವಾಸನೆ, ಒಂದೊಂದೂ ಬೇರೆ ಬೇರೆಯಾಗಿ ಬರುತ್ತಿತ್ತು. ಒಂದೂ ಸೀನಿಲ್ಲ, ನಿದ್ದೆಯಿಲ್ಲ. ಈ ಮೂಗು ನಿಶ್ಚಿತಾರ್ಥದ ದಿನ ನನಗಿದ್ದಿದ್ದರೆ ಎಂದು ಎಣಿಸಿ ಹೊಟ್ಟೆ ಉರಿಯಿತು.

ಮುಹೂರ್ತ ಹತ್ತಿರ ಬಂದರೂ ಶೇಷಪ್ಪ ಕಾಣಲಿಲ್ಲ. ಕರೆದುಕೊಂಡು ಬಾ ಅಣ್ಣ ಎಂದು ಶಶಿಪ್ರಭಾ ಕಳಿಸಿದಳು. ಹಾಲ್‌ನ ಮೇಲಿನ ಕೋಣೆಯಲ್ಲಿ ಅವನು ರುಮಾಲು ಕಟ್ಟಿ ಕನ್ನಡಿಯ ಎದುರು ನಿಂತಿದ್ದ. ಬಾಗಿಲಲ್ಲೇ ನನಗೆ ಗೊತ್ತಾಯಿತು. ಏಲಕ್ಕಿ ಜಗಿದಿದ್ದ, ಸೆಂಟು ಹಾಕಿದ್ದ. ಅವೆರಡರ ಅಡಿಯಲ್ಲಿ ಬ್ರಾಂದಿ.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕನ್ನಡಿ ಬಿಟ್ಟು ನನ್ನ ಕಡೆ ತಿರುಗಿದ. "ಇಷ್ಟು ಜನರ ಎದುರು ನಾನು ಯಾವತ್ತೂ ನಿಂತದ್ದಿಲ್ಲ ಅಣ್ಣ. ನಿಮಗೆ ಆದ ಹಾಗೆ ನನಗೂ ಆದರೆ ಅಂತ ಹೆದರಿಕೆಯಾಯ್ತು. ಧೈರ್ಯಕ್ಕೆ ಸ್ವಲ್ಪ, ಅಷ್ಟೇ" ಎಂದ. ಮಾತ್ರೆ ನುಂಗಿದ ನಾನು ಈ ಪೆದ್ದನಿಗೆ ಯಾವ ಬಾಯಿಂದ ಬೈಯಲಿ? ಕೆಳಗೆ ವಾದ್ಯ ಶುರುವಾಗಿತ್ತು. ಇನ್ನು ಬದಲಿಸಲು ಹೊತ್ತಿರಲಿಲ್ಲ, ಬದಲಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ನೆಟ್ಟಗೆ ನಡೆ ಎಂದು ಅವನ ಮೊಣಕೈ ಹಿಡಿದು ಇಳಿಸಿದೆ.

ಶೇಷಪ್ಪ ದೀಕ್ಷಿತಾಳ ಕೈ ಹಿಡಿದ. ನಾನು ಅವನ ಇನ್ನೊಂದು ಪಕ್ಕಕ್ಕೆ ಅಂಟಿಕೊಂಡೇ ನಡೆದೆ, ತೂರಾಡಿದರೆ ಹಿಡಿಯಲು. ಆ ಕಡೆ ನನಗೆ ಜಾಗವಿಲ್ಲ, ಕರೆಯದೆ ಬಂದವನ ಹಾಗೆ ಕಾಣುತ್ತಿದ್ದೆ. ಮಂಟಪದ ಮೆಟ್ಟಿಲಲ್ಲಿ ಧರ್ಣಪ್ಪನವರು ನಿಂತಿದ್ದರು. ನಾವು ಹತ್ತಿರ ಬಂದಾಗ ಅವರ ಹುಬ್ಬು ಗಂಟಾಯಿತು. ಒಮ್ಮೆ ಗಾಳಿ ಎಳೆದುಕೊಂಡರು. ಮೆಲ್ಲಗೆ, "ಇಲ್ಲಿ ಯಾರೋ ಕುಡಿದಿದ್ದಾರೆ" ಎಂದರು.

ಶೇಷಪ್ಪನ ಮುಖ ಬಿಳುಚಿತು. ಧರ್ಣಪ್ಪನವರು ಅವನನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು. ಅವರೇನು, ಅಲ್ಲಿದ್ದ ಯಾರಾದರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಯ ತುದಿಯಲ್ಲಿ ಮಾತು ಬಂದು ನಿಂತಿತ್ತು. ನಾನಲ್ಲ, ಆ ದಿನವೂ ನಾನಲ್ಲ, ಬೇಕಾದರೆ ಇವನ ಬಾಯಿ ಮೂಸಿ ನೋಡಿ. ಅಷ್ಟು ಹೇಳಿದರೆ ನನ್ನ ಮಾನ ನನಗೆ ವಾಪಸು. ಆದರೆ ಕೈ ಹಿಡಿದವನು ಅವನು. ಅವನೆಂದು ಗೊತ್ತಾದರೆ ಇವರು ಎದ್ದು ಹೋಗುವವರೇ.

"ನಾನೇ" ಎಂದೆ. "ತಪ್ಪಾಯಿತು. ಹಿಂದೆ ಹೋಗ್ತೇನೆ."

ಧರ್ಣಪ್ಪನವರು ಜೋರು ಮಾಡಲಿಲ್ಲ. "ಇವರ ಕೈಗೆ ಕೊಡದೆ ನಾವು ಮಾಡಿದ್ದು ಸರಿಯಾಯಿತು" ಎಂದಷ್ಟೇ ಹೇಳಿ ಶೇಷಪ್ಪನಿಗೆ ದಾರಿ ಬಿಟ್ಟರು. ಶಶಿಪ್ರಭಾ ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಆಕೆ ನಂಬಿದಳು. ಒಡಹುಟ್ಟಿದ ತಂಗಿ ನಂಬಿದಳು. ಎರಡೂ ಬದಿಯ ಕುರ್ಚಿಗಳ ನಡುವೆ ಹಿಂದಕ್ಕೆ ನಡೆದು ಬಂದೆ. ಆ ದಾರಿ ಬೆಳ್ತಂಗಡಿಯಿಂದ ಗುರುವಾಯನಕೆರೆಗೆ ನಡೆದಷ್ಟು ಉದ್ದವಾಯಿತು. ಕೊನೆಯ ಸಾಲಿನಲ್ಲಿ, ಊಟದ ಹಾಲ್‌ನ ಬಾಗಿಲ ಪಕ್ಕ ಕುಳಿತು, ತಾಳಿ ಕಟ್ಟುವುದನ್ನು ಜನರ ತಲೆಗಳ ಎಡೆಯಿಂದ ನೋಡಿದೆ. ಸರಿಯಾದದ್ದನ್ನು ಮಾಡಿದರೆ ಎದೆ ಹಗುರವಾಗುತ್ತದೆ ಅನ್ನುತ್ತಾರೆ. ಸುಳ್ಳು, ನನಗೆ ತಲೆ ಎತ್ತಲಾಗಲಿಲ್ಲ.

ಮದುಮಕ್ಕಳು ಹಿರಿಯರ ಕಾಲು ಹಿಡಿಯುತ್ತಾ ಬಂದರು. ಹಿಂದಿನ ತನಕ ಬರಬೇಕಾಗಿಲ್ಲ, ಯಾರೂ ಬರುವುದಿಲ್ಲ. ದೀಕ್ಷಿತಾ ಶೋಧನ್‌ನನ್ನು ಕರೆದುಕೊಂಡು ಬಂದೇ ಬಂದಳು. ನನ್ನ ಕಾಲು ಮುಟ್ಟಿ ಎದ್ದವಳು ಮುಖ ನನ್ನ ಮುಖದ ಹತ್ತಿರ ತಂದು ಸ್ವಲ್ಪ ಹೊತ್ತು ನಿಂತಳು. ನಾನು ಉಸಿರು ಬಿಗಿ ಹಿಡಿದೆ. ಅವಳು ಕಾದಳು. ಎಷ್ಟು ಹೊತ್ತು ಹಿಡಿಯುವುದು, ಬಿಟ್ಟೆ.

"ಚಿಕ್ಕಮಾಮನ ಕೈ ಹಿಡಿದು ನಡೆದದ್ದು ನಾನು" ಎಂದಳು, ನನಗೆ ಮಾತ್ರ ಕೇಳುವ ಹಾಗೆ. "ನನಗೂ ಮೂಗು ಉಂಟು ಮಾಮ."

ಅವಳ ಕಣ್ಣು ತುಂಬಿತ್ತು. ಆ ಸಲ ನನ್ನ ಪರವಾಗಿ ಎದ್ದು ನಿಂತವಳು ಈ ಸಲ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿ ತಾಳಿ ಕಟ್ಟಿಸಿಕೊಂಡಿದ್ದಳು. ನಾವು ಇಬ್ಬರು ಮಾವಂದಿರು ಸೇರಿ ಮದುವೆಯ ದಿನ ಅವಳಿಗೆ ಕೊಟ್ಟ ಉಡುಗೊರೆ ಅದು. ನನಗೆ ಮತ್ತೆ ನಾಚಿಕೆಯಾಯಿತು, ಈ ಸಲ ಎಲ್ಲಕ್ಕಿಂತ ಹೆಚ್ಚು. ಅವಳ ತಲೆಯ ಮೇಲೆ ಕೈ ಇಟ್ಟೆ.

ಅವಳು ಮೂಗು ಒರೆಸಿಕೊಂಡು, "ಬೆಳಿಗ್ಗೆ ಸ್ಪ್ರೇ ಹೊಡೆದಿರಾ?" ಎಂದು ಕೇಳಿದಳು.

"ಹೊಡೆದೆ" ಎಂದೆ. ಆ ಪ್ರಶ್ನೆಗೆ ನಾನು ಅವಳಿಗೆ ಎಷ್ಟೋ ಸಲ ಸುಳ್ಳು ಹೇಳಿದ್ದೆ. ಈ ಸಲ ಅವಳು ನಂಬಿದಳು, ಸೆರಗು ಸರಿಮಾಡಿಕೊಂಡು ಗಂಡನ ಜೊತೆ ಊಟಕ್ಕೆ ಹೋದಳು.